ಶನಿವಾರ ಸ್ಟ್ಯಾಟಿಸ್ಟಿಕ್ಸ್, ಭಾನುವಾರ ಇಕನಾಮಿಕ್ಸ್: ಮಾಟುಂಗದ ಒಂದು ಕ್ಲಾಸಿನ ಲೆಕ್ಕಾಚಾರ

ಹದಿನಾಲ್ಕು ವಾರ, ವಾರಕ್ಕೆ ಎರಡು ದಿನ, ದಿನಕ್ಕೆ ಎರಡು ಗಂಟೆ. ಒಟ್ಟು 56 ಗಂಟೆಗೆ 8,400 ರೂಪಾಯಿ, ಅಂದರೆ ಗಂಟೆಗೆ 150. ಮುಂಬಯಿಯ ಮಾಟುಂಗ ಪೂರ್ವದ ಹಳೇ ಕಟ್ಟಡವೊಂದರ ಎರಡನೇ ಮಾಳಿಗೆಯಲ್ಲಿ ನಡೆಯುವ ಈ ಕ್ಲಾಸು ಬಿ.ಎ., ಬಿ.ಕಾಂ. ಮೊದಲ ವರ್ಷದವರಿಗೆ ಅರ್ಥಶಾಸ್ತ್ರ ಮತ್ತು ಸಂಖ್ಯಾಶಾಸ್ತ್ರ ಎರಡನ್ನೂ ಜೋಡಿಯಾಗಿ ಕಲಿಸುತ್ತೇವೆ ಎನ್ನುತ್ತದೆ. ಒಂದು ಬ್ಯಾಚಿಗೆ 24 ಜನ. ಜೋಡಿ ಅನ್ನುವುದು ಸದ್ಯಕ್ಕೆ ರಸೀದಿಯ ಮೇಲೆ ಮಾತ್ರ. ಶನಿವಾರದ ಕ್ಲಾಸು ಬೇರೆ, ಭಾನುವಾರದ್ದು ಬೇರೆ, ಮೇಷ್ಟ್ರು ಬೇರೆ, ನೋಟ್ಸೂ ಬೇರೆ. ಗುಣಮಟ್ಟದಲ್ಲೂ ಎರಡಕ್ಕೂ ಅಜಗಜಾಂತರ.

ಇಲ್ಲಿಗೆ ಜನ ಬರುವುದಕ್ಕೆ ಮುಖ್ಯ ಕಾರಣ ಭಾಷೆ. ಹತ್ತನೇ ತನಕ ಕನ್ನಡ ಮಾಧ್ಯಮದಲ್ಲಿ ಓದಿ, ಜೂನಿಯರ್ ಕಾಲೇಜಿನಲ್ಲಿ ಒಮ್ಮೆಲೇ ಇಂಗ್ಲಿಷಿಗೆ ಹಾರಿದ ಮಕ್ಕಳು ಮುಂಬಯಿಯಲ್ಲಿ ಇನ್ನೂ ಇದ್ದಾರೆ. ಹಗಲು ಹೋಟೆಲಿನ ಗಲ್ಲಾದಲ್ಲಿ ಕೂತು ಪರೀಕ್ಷೆ ಕಟ್ಟುವವರೂ ಇದ್ದಾರೆ. ಇಲ್ಲಿ ವಿವರಣೆ ಕನ್ನಡದಲ್ಲಿ, ಬೋರ್ಡಿನ ಮೇಲೆ ಬರೆಯುವುದು ಇಂಗ್ಲಿಷಿನಲ್ಲಿ. ಇದು ಸರಿಯಾದ ಕ್ರಮ. ‘ಮಾನಕ ವಿಚಲನೆ’ ಎಂದು ಕನ್ನಡದಲ್ಲೇ ಕಂಠಪಾಠ ಮಾಡಿಸಿ ಕಳಿಸಿದರೆ ಪರೀಕ್ಷೆಯಲ್ಲಿ ‘ಸ್ಟ್ಯಾಂಡರ್ಡ್ ಡೀವಿಯೇಶನ್’ ಕಂಡಾಗ ಮಕ್ಕಳು ಕಕ್ಕಾಬಿಕ್ಕಿಯಾಗುತ್ತಾರೆ. ಸಂಖ್ಯಾಶಾಸ್ತ್ರ ಎಂಬ ಹೆಸರಿನಿಂದಲೂ ಒಂದು ಫಜೀತಿ ಇದೆ. ಟೀವಿಯಲ್ಲಿ ಹೆಸರಿನ ಅಕ್ಷರ ಕೂಡಿಸಿ ಭವಿಷ್ಯ ಹೇಳುವವರೂ ಅದನ್ನೇ ಸಂಖ್ಯಾಶಾಸ್ತ್ರ ಎನ್ನುವುದರಿಂದ, ಮನೆಯ ಹಿರಿಯರು ಮಗ ಏನು ಓದುತ್ತಿದ್ದಾನೆಂದು ತಪ್ಪು ತಿಳಿಯುವುದುಂಟು.

ಶನಿವಾರದ ಕ್ಲಾಸಿಗೆ ಪೂರಾ ಅಂಕ ಕೊಡಬಹುದು. ಅಲ್ಲಿನ ಕ್ರಮ ಏನೆಂದರೆ, ಸೂತ್ರ ಬರೆಸುವ ಮುಂಚೆ ಕೋಷ್ಟಕ ಕೊಟ್ಟು ಮಕ್ಕಳಿಂದಲೇ ತಪ್ಪು ಮಾಡಿಸುವುದು. ಮಧ್ಯಾಂಕದ, ಅಂದರೆ ಮೀಡಿಯನ್ನಿನ, ಪಾಠವನ್ನೇ ನೋಡಿ. 10–19, 20–29, 30–39, 40–49, 50–59 ಎಂಬ ಐದು ವರ್ಗ. ಅವುಗಳ ಆವೃತ್ತಿ, ಅಂದರೆ ಒಂದೊಂದು ವರ್ಗದಲ್ಲಿ ಬಿದ್ದ ಸಂಖ್ಯೆಗಳ ಎಣಿಕೆ, ಕ್ರಮವಾಗಿ 5, 8, 12, 10, 5. ಒಟ್ಟು 40, ಅದರ ಅರ್ಧ 20. ಸಂಚಿತ ಆವೃತ್ತಿ, ಅಂದರೆ ಒಂದರ ಮೇಲೊಂದು ಕೂಡಿಸಿದ ಎಣಿಕೆ, 5, 13, 25 ಎಂದು ಏರುವುದರಿಂದ ಇಪ್ಪತ್ತನೆಯದು ಮೂರನೇ ವರ್ಗದಲ್ಲಿದೆ. ಇಲ್ಲಿಯವರೆಗೆ ಯಾರೂ ಎಡವುವುದಿಲ್ಲ. ಎಡವುವುದು ಇದರ ಮುಂದೆ, ಮೂರು ಕಡೆ.

ಮೊದಲನೆಯದು ವರ್ಗದ ಗಡಿ. 19ಕ್ಕೂ 20ಕ್ಕೂ ನಡುವೆ ಸಂದು ಇರುವುದರಿಂದ 30–39 ಅನ್ನು 29.5–39.5 ಮಾಡಿಕೊಳ್ಳಬೇಕು, ಕೆಳಗಡಿ 30 ಅಲ್ಲ, 29.5. ಎರಡನೆಯದು ವರ್ಗದ ಅಗಲ. 39ರಿಂದ 30 ಕಳೆದು 9 ಎಂದು ಬರೆಯುವವರೇ ಹೆಚ್ಚು, ಸರಿಯಾದ ಅಗಲ 10. ಮೂರನೆಯದಕ್ಕೆ ಬಲಿಯಾಗುವವರು ಇನ್ನೂ ಹೆಚ್ಚು. ಸೂತ್ರದಲ್ಲಿ ಹಾಕಬೇಕಾದ ಸಂಚಿತ ಆವೃತ್ತಿ ಹಿಂದಿನ ವರ್ಗದ್ದು, ಅಂದರೆ 13. ಮಧ್ಯಾಂಕ ಇರುವ ವರ್ಗದ 25 ಅಲ್ಲ. ಸರಿಯಾಗಿ ಮಾಡಿದರೆ 20ರಲ್ಲಿ 13 ಕಳೆದು 7, ಆಮೇಲೆ 29.5ಕ್ಕೆ 7 ಭಾಗಿಸು 12 ಗುಣಿಸು 10 ಕೂಡಿಸಿ 35.33 ಬರುತ್ತದೆ. 25 ಹಾಕಿದವರಿಗೆ 25.33 ಬರುತ್ತದೆ, ಅದು 29.5–39.5ರ ಆಚೆ. ಉತ್ತರ ತನ್ನ ವರ್ಗದೊಳಗೇ ಇರಬೇಕು, ಇಲ್ಲದಿದ್ದರೆ ಎಲ್ಲೋ ತಪ್ಪಿದೆ ಎಂಬ ಈ ಒಂದು ತಾಳೆಯನ್ನು ಪ್ರತಿ ಲೆಕ್ಕದ ಕೊನೆಗೂ ಬರೆಸುತ್ತಾರೆ. ಆದರೆ ಕೆಳಗಡಿ 30 ಹಾಕಿದವರಿಗೆ ಬರುವ 35.83 ಈ ತಾಳೆಗೆ ಸಿಗುವುದಿಲ್ಲ, ವರ್ಗದೊಳಗೇ ಅಡಗಿ ಕೂರುತ್ತದೆ. ಅದನ್ನೂ ಬಿಡದೆ ತೋರಿಸುತ್ತಾರೆ ಎನ್ನುವುದೇ ಈ ಮೇಷ್ಟ್ರ ಹೆಚ್ಚುಗಾರಿಕೆ.

ಒಂದು ಇಡೀ ಶನಿವಾರ ಕ್ಯಾಲ್ಕುಲೇಟರಿಗೇ ಮೀಸಲು. ಕಾಲೇಜುಗಳಲ್ಲಿ ಇದಕ್ಕೆ ಹತ್ತು ನಿಮಿಷವೂ ಸಿಗುವುದಿಲ್ಲ. ಹೆಚ್ಚಿನ ಮಕ್ಕಳ ಕೈಯಲ್ಲಿರುವುದು ಕ್ಯಾಸಿಯೋ ಎಫ್‌ಎಕ್ಸ್-82ಎಂಎಸ್. ಅದರಲ್ಲಿ ಮೋಡ್ ಒತ್ತಿ 2 ಒತ್ತಿದರೆ ಎಸ್‌ಡಿ (ಸ್ಟ್ಯಾಂಡರ್ಡ್ ಡೀವಿಯೇಶನ್) ಮೋಡು. ಮೇಲಿನ ಕೋಷ್ಟಕವನ್ನೇ ತುಂಬುವುದಾದರೆ ಮೊದಲ ವರ್ಗದ ನಡುಬೆಲೆ 14.5, ಶಿಫ್ಟ್, ಅಲ್ಪವಿರಾಮದ ಕೀಲಿ, 5, ಆಮೇಲೆ ಎಂ+ ಕೀಲಿ. ಪರದೆಯ ಮೇಲೆ ಎನ್, ಅಂದರೆ ತುಂಬಿದ ಸಂಖ್ಯೆಗಳ ಎಣಿಕೆ, ಬರಾಬರಿ 5 ಎಂದು ಬರುತ್ತದೆ. 24.5ನ್ನು 8 ಸಲ ತುಂಬಿದ ಮೇಲೆ 13. ಹೀಗೆ ಐದೂ ವರ್ಗ ಮುಗಿದಾಗ ಎನ್ 40 ಆಗಿರಲೇಬೇಕು. ಶಿಫ್ಟ್ 2, ಆಮೇಲೆ 1, ಬರಾಬರಿ ಒತ್ತಿದರೆ ಸರಾಸರಿ 35.

ಇಷ್ಟೆಲ್ಲ ಕೈಪಿಡಿಯಲ್ಲೂ ಇದೆ. ಕೈಪಿಡಿ ಹೇಳಿದರೂ ಮಕ್ಕಳು ಮರೆಯುವ ಮಾತು ಹಳೇ ಲೆಕ್ಕ ಅಳಿಸುವುದು. ಹಿಂದಿನ ಲೆಕ್ಕದ ಐದು ಸಂಖ್ಯೆಗಳು, ಉದಾಹರಣೆಗೆ 3, 5, 7, 9, 11, ಒಳಗೇ ಉಳಿದಿದ್ದರೆ ಹೊಸ ಸರಾಸರಿ 35ರ ಬದಲು 31.89 ಬರುತ್ತದೆ. ಯಂತ್ರ ಒಂದು ಮಾತೂ ಆಡುವುದಿಲ್ಲ. ಎನ್ 45 ಆಗಿದೆಯೆಂದು ಗಮನಿಸಿದವರಿಗೆ ಮಾತ್ರ ಗುಟ್ಟು ರಟ್ಟು. ಹಾಗಾಗಿ ಪ್ರತಿ ಲೆಕ್ಕಕ್ಕೆ ಮುಂಚೆ ಶಿಫ್ಟ್, ಮೋಡ್, 1, ಬರಾಬರಿ: ಇದು ಊಟಕ್ಕೆ ಮುಂಚೆ ಕೈತೊಳೆದ ಹಾಗೆ. ಇಎಸ್ ಮಾದರಿಯ ಕ್ಯಾಲ್ಕುಲೇಟರ್ ಇಟ್ಟುಕೊಂಡವರಿಗೆ ತೊಂದರೆ ಬೇರೆ. ಅದರಲ್ಲಿ ಆವೃತ್ತಿಯ ಕಂಬಸಾಲೇ ಕಾಣುವುದಿಲ್ಲ, ಸೆಟಪ್ಪಿಗೆ ಹೋಗಿ ಸ್ಟ್ಯಾಟ್ ಅಡಿಯಲ್ಲಿ ಫ್ರೀಕ್ವೆನ್ಸಿ ಆನ್ ಮಾಡಬೇಕು.

ಮಾನಕ ವಿಚಲನೆಗೆ, ಅಂದರೆ ಸಂಖ್ಯೆಗಳು ಸರಾಸರಿಯ ಸುತ್ತ ಎಷ್ಟು ಹರಡಿವೆ ಎಂಬ ಅಳತೆಗೆ, ಎನ್‌ನಿಂದ ಭಾಗಿಸುವುದೋ ಎನ್ ಮೈನಸ್ ಒಂದರಿಂದಲೋ ಎಂಬ ಹಳೇ ಜಗಳವನ್ನೂ ಇಲ್ಲಿ ಚೆನ್ನಾಗಿ ಬಿಡಿಸುತ್ತಾರೆ. ಮೇಲಿನ 3, 5, 7, 9, 11ರ ಸರಾಸರಿ 7, ವಿಚಲನೆಗಳ ವರ್ಗಗಳ (ಸ್ಕ್ವೇರ್) ಮೊತ್ತ 40. ಐದರಿಂದ ಭಾಗಿಸಿದರೆ 8ರ ವರ್ಗಮೂಲ 2.83, ನಾಲ್ಕರಿಂದ ಭಾಗಿಸಿದರೆ 10ರ ವರ್ಗಮೂಲ 3.16. ಕ್ಯಾಲ್ಕುಲೇಟರಿನಲ್ಲಿ ಎರಡೂ ಇವೆ. ಶಿಫ್ಟ್ 2ರ ಒಳಗೆ 2 ಒತ್ತಿದರೆ ಮೊದಲನೆಯದು, 3 ಒತ್ತಿದರೆ ಎರಡನೆಯದು. ಕೈಯಲ್ಲಿರುವುದೇ ಪೂರ್ತಿ ಸಮೂಹವಾದರೆ ಎನ್. ಅದು ದೊಡ್ಡ ಸಮೂಹದಿಂದ ತೆಗೆದ ಮಾದರಿ, ಅದರಿಂದ ಸಮೂಹದ ವಿಚಲನೆ ಅಂದಾಜು ಮಾಡಬೇಕು ಎಂದಾದರೆ ಎನ್ ಮೈನಸ್ ಒಂದು. ಕಾರಣವನ್ನೂ ಒಂದೇ ಮಾತಿನಲ್ಲಿ ಹೇಳುತ್ತಾರೆ: ಮಾದರಿಯ ಸಂಖ್ಯೆಗಳು ತಮ್ಮದೇ ಸರಾಸರಿಗೆ ಹತ್ತಿರ ಇರುತ್ತವೆ, ಸಮೂಹದ ನಿಜವಾದ ಸರಾಸರಿಗೆ ಅಷ್ಟು ಹತ್ತಿರ ಇರುವುದಿಲ್ಲ, ಆದ್ದರಿಂದ ಎನ್‌ನಿಂದ ಭಾಗಿಸಿದರೆ ಹರಡುವಿಕೆ ಕಡಿಮೆ ಕಾಣುತ್ತದೆ. ಮೊದಲ ವರ್ಷಕ್ಕೆ ಇಷ್ಟು ಸಾಕು.

ಹಿಂಚಲನೆ, ಅಂದರೆ ಒಂದರಿಂದ ಇನ್ನೊಂದನ್ನು ಅಂದಾಜು ಮಾಡುವ ರಿಗ್ರೆಶನ್, ಪಾಠದಲ್ಲಿ ಎರಡು ಗೆರೆಗಳ ಸಮೀಕರಣ ಕೊಟ್ಟು ಯಾವುದು ಯಾವುದರ ಮೇಲಿನದು ಎಂದು ಕೇಳುವ ಪ್ರಶ್ನೆಗೆ ಒಳ್ಳೆಯ ಕಸರತ್ತು ಮಾಡಿಸುತ್ತಾರೆ. ಎಕ್ಸ್ ಪ್ಲಸ್ 2ವೈ ಬರಾಬರಿ 16, 2ಎಕ್ಸ್ ಪ್ಲಸ್ ವೈ ಬರಾಬರಿ 11 ಎಂದಿರಲಿ. ಎರಡೂ ಸಂಧಿಸುವಲ್ಲಿ ಸರಾಸರಿಗಳು 2 ಮತ್ತು 7. ಮೊದಲನೆಯದನ್ನು ಎಕ್ಸ್ ಮೇಲಿನ ವೈ ಎಂದು ಹಿಡಿದರೆ ಎರಡೂ ಗುಣಾಂಕ ಮೈನಸ್ ಅರ್ಧ, ಗುಣಲಬ್ಧ 0.25. ತಿರುವುಮುರುವು ಹಿಡಿದರೆ ಗುಣಲಬ್ಧ 4. ಅದು ಒಂದನ್ನು ಮೀರುವಂತಿಲ್ಲ, ಹಾಗಾಗಿ ಆ ಊಹೆ ತಪ್ಪು. ಸಹಸಂಬಂಧ, ಅಂದರೆ ಕೋರಿಲೇಶನ್, ಆ 0.25ರ ವರ್ಗಮೂಲಕ್ಕೆ ಗುಣಾಂಕಗಳ ಚಿಹ್ನೆ ಹಾಕಿ ಮೈನಸ್ 0.5. ಮೈನಸ್ ಚಿಹ್ನೆ ಬಿಟ್ಟು ವರ್ಗಮೂಲ ಬರೆದವರಿಗೆ ಅರ್ಧ ಅಂಕ ಖೋತಾ. ಇಲ್ಲಿನ ಕಿರುಪರೀಕ್ಷೆಯ ಉತ್ತರಪತ್ರಿಕೆಯಲ್ಲೂ ಹಾಗೇ ಕತ್ತರಿಸಿಯೇ ಕೊಡುತ್ತಾರೆ.

ಸಂಭವನೀಯತೆ ಮಾತ್ರ ಅವಸರದ ಅಡುಗೆ. ಎರಡೇ ಶನಿವಾರ, ಅದರಲ್ಲಿ ಅರ್ಧ ಇಸ್ಪೀಟು ದಾಳಗಳಲ್ಲೇ ಕಳೆಯುತ್ತದೆ. ಒಟ್ಟಿಗೆ ನಡೆಯಲಾರದ ಘಟನೆಗಳಿಗೂ ಒಂದಕ್ಕೊಂದು ಸಂಬಂಧವಿಲ್ಲದ ಘಟನೆಗಳಿಗೂ ಇರುವ ವ್ಯತ್ಯಾಸ ಯಾರ ತಲೆಗೂ ಇಳಿದಿರುವುದಿಲ್ಲ. ಮಾದರಿ ತೆಗೆಯುವ ಬಗೆಗಳ ಬಗ್ಗೆ ಒಂದು ಪುಟದ ಟಿಪ್ಪಣಿ, ಅಷ್ಟೇ.

ಭಾನುವಾರದ ಕಥೆ ಬೇರೆ. ಅರ್ಥಶಾಸ್ತ್ರವನ್ನು ಇಲ್ಲಿ ಉಕ್ತಲೇಖನದಂತೆ ಬರೆಸುತ್ತಾರೆ. ವ್ಯಾಖ್ಯೆ, ಲಕ್ಷಣಗಳು ಆರು, ಮಿತಿಗಳು ನಾಲ್ಕು, ಉಪಸಂಹಾರ. ಬೋರ್ಡಿನ ಮೇಲೆ ಬೇಡಿಕೆಯ ಗೆರೆ ಬೀಳುತ್ತದೆ, ಆದರೆ ಅದರ ಮೇಲೆ ಒಂದು ಅಂಕಿಯೂ ಇರುವುದಿಲ್ಲ. ಬೆಲೆ ಏರಿದರೆ ಅದೇ ಗೆರೆಯ ಮೇಲೆ ಬಿಂದು ಜರುಗುತ್ತದೆ, ಕೊಳ್ಳುವವರ ಆದಾಯವೋ ಬದಲಿ ವಸ್ತುವಿನ ಬೆಲೆಯೋ ಏರಿದರೆ ಗೆರೆಯೇ ಜರುಗುತ್ತದೆ. ಮೊದಲ ಸೆಮಿಸ್ಟರಿನಲ್ಲಿ ಅತಿ ಹೆಚ್ಚು ಅಂಕ ಹೋಗುವುದು ಇಲ್ಲೇ. ನೋಟ್ಸಿನಲ್ಲಿ ಇದಕ್ಕೆ ಎರಡು ವಾಕ್ಯ, ಅಭ್ಯಾಸಕ್ಕೆ ಒಂದೇ ಚಿತ್ರ. ಕಾರಣ ಓದಿ, ಜರುಗಿದ್ದು ಬಿಂದುವೋ ಗೆರೆಯೋ ಎಂದು ಹೇಳುವ ಇಪ್ಪತ್ತು ಪ್ರಶ್ನೆ ಕೊಟ್ಟಿದ್ದರೆ ಅರ್ಧ ಗಂಟೆಯಲ್ಲಿ ವಿಷಯ ಗಟ್ಟಿಯಾಗುತ್ತಿತ್ತು.

ಬೆಲೆ ಬದಲಾದರೆ ಬೇಡಿಕೆ ಎಷ್ಟು ಬಾಗುತ್ತದೆ ಎಂಬ ಸ್ಥಿತಿಸ್ಥಾಪಕತ್ವದ, ಅಂದರೆ ಎಲಾಸ್ಟಿಸಿಟಿಯ, ಲೆಕ್ಕದಲ್ಲಂತೂ ನೇರ ತಪ್ಪಿಗೇ ದಾರಿ ಮಾಡಿಕೊಟ್ಟಿದ್ದಾರೆ. ವಡಾಪಾವಿನ ಬೆಲೆ 20ರಿಂದ 25ಕ್ಕೆ ಏರಿ, ದಿನದ ಮಾರಾಟ 100ರಿಂದ 80ಕ್ಕೆ ಇಳಿಯಿತು ಎಂದುಕೊಳ್ಳಿ. ಇಲ್ಲಿ ಕಲಿಸುವ ಸರಳ ಸೂತ್ರದಲ್ಲಿ ಶೇ. 20ರ ಇಳಿಕೆಯನ್ನು ಶೇ. 25ರ ಏರಿಕೆಯಿಂದ ಭಾಗಿಸಿ ಮೈನಸ್ 0.8, ಅಂದರೆ ಬೇಡಿಕೆ ಅಷ್ಟಾಗಿ ಬಾಗುವುದಿಲ್ಲ. ಅದೇ ಬೆಲೆ 25ರಿಂದ 20ಕ್ಕೆ ಇಳಿದದ್ದೆಂದು ಲೆಕ್ಕ ಹಾಕಿದರೆ ಮೈನಸ್ 1.25, ಅಂದರೆ ಚೆನ್ನಾಗಿ ಬಾಗುತ್ತದೆ! ಗಾಡಿಯೂ ಅದೇ, ವಡೆಯೂ ಅದೇ, ಉತ್ತರ ಮಾತ್ರ ಎರಡು. ಮಧ್ಯಬಿಂದು ವಿಧಾನದಲ್ಲಿ 90 ಮತ್ತು 22.5ನ್ನು ಆಧಾರ ಮಾಡಿಕೊಂಡರೆ ಎರಡೂ ಕಡೆಯಿಂದ ಮೈನಸ್ 1 ಬರುತ್ತದೆ. ತಾಳೆ ನೋಡುವುದೂ ಸುಲಭ. ಬೆಲೆ ಏರುವ ಮುಂಚೆ ಗಲ್ಲಾಕ್ಕೆ ಬಂದದ್ದು 2,000, ಏರಿದ ಮೇಲೂ 2,000. ಗಲ್ಲಾದ ಮೊತ್ತ ಅಲುಗದಿದ್ದರೆ ಸ್ಥಿತಿಸ್ಥಾಪಕತ್ವ ಒಂದು. ಭಾನುವಾರದ ನೋಟ್ಸಿನಲ್ಲಿ ಮಧ್ಯಬಿಂದು ವಿಧಾನದ ಸುಳಿವೇ ಇಲ್ಲ. ಗಲ್ಲಾ ನೋಡಿಕೊಳ್ಳುವ ಹುಡುಗರೇ ಎದುರು ಕೂತಿರುವ ಕ್ಲಾಸಿನಲ್ಲಿ ಈ ಉದಾಹರಣೆ ಬಿಟ್ಟುಹೋದದ್ದು ವಿಚಿತ್ರ.

ಬೆಲೆಮಿತಿಯ ಪಾಠವೂ ಹೀಗೇ ಒಣಒಣ. ಬೇಡಿಕೆ 100ರಲ್ಲಿ ಬೆಲೆಯ ಎರಡರಷ್ಟು ಕಳೆದದ್ದು, ಪೂರೈಕೆ 10ಕ್ಕೆ ಬೆಲೆ ಕೂಡಿಸಿದ್ದು ಎಂದಿಟ್ಟುಕೊಂಡರೆ ಸಮತೋಲನದ ಬೆಲೆ 30, ಪ್ರಮಾಣ 40. ಸರಕಾರ ಬೆಲೆಯನ್ನು 20ಕ್ಕೆ ಕಟ್ಟಿಹಾಕಿದರೆ ಬೇಡಿಕೆ 60, ಪೂರೈಕೆ 30, ಕೊರತೆ 30. ಐದು ಸಾಲಿನ ಲೆಕ್ಕ ಇದು. ಇದರ ಮುಂಬಯಿ ರೂಪ ಕ್ಲಾಸಿನ ಸುತ್ತಲೇ ನಿಂತಿದೆ. 1947ರ ಬಾಂಬೆ ಬಾಡಿಗೆ ಕಾಯ್ದೆ ಹಳೇ ಮನೆಗಳ ಬಾಡಿಗೆಯನ್ನು 1940ರ ಮಟ್ಟಕ್ಕೆ ಕಟ್ಟಿಹಾಕಿತು. ಬಾಡಿಗೆಯಿಂದ ರಿಪೇರಿಯ ಖರ್ಚೂ ಹುಟ್ಟದೆ ಮಾಲೀಕರು ಕೈಬಿಟ್ಟ ಕಟ್ಟಡಗಳು ಸೊರಗಿದವು, ಮೇಜಿನ ಕೆಳಗೆ ಪಗಡಿ, ಅಂದರೆ ಬಾಡಿಗೆಯ ಹಕ್ಕಿಗೆ ಕೊಡುವ ಇಡಿಗಂಟು, ಹುಟ್ಟಿಕೊಂಡಿತು. ಕೊನೆಗೆ 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ ಪಗಡಿಯನ್ನೇ ಕಾನೂನಿನೊಳಕ್ಕೆ ತಂದಿತು. ಬೆಲೆಗೆ ಮುಚ್ಚಳ ಹಾಕಿದರೆ ಬೆಲೆ ಬೇರೆ ಹೆಸರಿನಲ್ಲಿ ಆಚೆ ಬರುತ್ತದೆ, ಸರಕಿನ ಗುಣಮಟ್ಟ ಕುಸಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಯಾವ ಪಠ್ಯದಲ್ಲೂ ಸಿಗದು. ಮೆಟ್ಟಿಲಿಗೆ ಬಿದಿರಿನ ಊರುಗೋಲು ಕೊಟ್ಟಿರುವ ಕಟ್ಟಡದೊಳಗೆ ಕೂತು, ನೋಟ್ಸಿನಲ್ಲಿ ಅಮೆರಿಕದ ಪೆಟ್ರೋಲಿನ ಉದಾಹರಣೆ ಬರೆಸುತ್ತಾರೆ.

ಸಮಗ್ರ ಅರ್ಥಶಾಸ್ತ್ರದ ನೋಟ್ಸು ಹಳಸಿದೆ. ಮುಖ್ಯ ಅಂಕಿ ಎಂದರೆ ಫ್ಯಾಕ್ಟರ್ ಕಾಸ್ಟ್‌ನಲ್ಲಿನ (ತೆರಿಗೆ ಬಿಟ್ಟು, ಸಬ್ಸಿಡಿ ಸೇರಿಸಿದ) ಜಿಡಿಪಿ ಎಂದೇ ಬರೆಸುತ್ತಿದ್ದಾರೆ. 2015ರ ಜನವರಿಯಲ್ಲಿ 2011–12ರ ಆಧಾರ ವರ್ಷದ ಸರಣಿ ಬಂದಾಗಲೇ ಅದು ಬದಲಾಗಿ, ಮಾರುಕಟ್ಟೆ ಬೆಲೆಯ ಜಿಡಿಪಿ ಮುಖ್ಯ ಅಂಕಿಯಾಯಿತು, ಉತ್ಪಾದನೆಯ ಕಡೆಯಿಂದ ಮೂಲಬೆಲೆಯ ಜಿವಿಎ (ಒಟ್ಟು ಮೌಲ್ಯವರ್ಧನೆ) ಬಂತು. ಜಿವಿಎಗೆ ಉತ್ಪನ್ನ ತೆರಿಗೆ ಕೂಡಿಸಿ ಉತ್ಪನ್ನ ಸಬ್ಸಿಡಿ ಕಳೆದರೆ ಜಿಡಿಪಿ, ಅಷ್ಟೇ ಕಲಿಸಬೇಕಾದದ್ದು. ಯೋಜನಾ ಆಯೋಗವೂ ಆ ಪುಟಗಳಲ್ಲಿ ಇನ್ನೂ ಬದುಕಿದೆ. ಅದರ ಜಾಗಕ್ಕೆ ನೀತಿ ಆಯೋಗ ಬಂದದ್ದು 2015ರ ಜನವರಿ 1ಕ್ಕೆ. ಬಡತನದ ಅಧ್ಯಾಯದಲ್ಲಿ ಪುಣೆಯ ಗೋಖಲೆ ಸಂಸ್ಥೆಯ ದಾಂಡೇಕರ್ ಮತ್ತು ರಥ್ ಅವರ 1971ರ ಅಧ್ಯಯನ, ಅದರ ತಲೆಗೆ ದಿನಕ್ಕೆ 2,250 ಕ್ಯಾಲರಿಯ ಅಳತೆಗೋಲು, ಸರಿಯಾಗಿಯೇ ಇದೆ. ಆದರೆ ಅಧ್ಯಾಯ ಅಲ್ಲಿಗೇ ನಿಂತುಬಿಡುತ್ತದೆ.

ಇಷ್ಟೆಲ್ಲ ದೂರಿದ ಮೇಲೆ ಒಂದು ದಿನದ ಮಟ್ಟಿಗೆ ಕೈ ಮುಗಿಯಲೇಬೇಕು. ಹನ್ನೊಂದನೇ ವಾರ ಶನಿವಾರದ ಮೇಷ್ಟ್ರು ಸೂಚ್ಯಂಕ, ಅಂದರೆ ಹಳೇ ಬೆಲೆಯನ್ನು 100 ಎಂದಿಟ್ಟು ಹೊಸ ಬೆಲೆ ಅಳೆಯುವುದನ್ನು, ಕಲಿಸುವಾಗ ಎರಡೂ ವಿಷಯಗಳು ಮೊದಲ ಸಲ ಮುಖಾಮುಖಿಯಾಗುತ್ತವೆ. ಅಕ್ಕಿ ಕಿಲೋಗೆ 40ರಿಂದ 50 ಆಯಿತು, ತೊಗರಿಬೇಳೆ 100ರಿಂದ 160. ಮನೆಯವರು ಮೊದಲು ತಿಂಗಳಿಗೆ 10 ಕಿಲೋ ಅಕ್ಕಿ, 4 ಕಿಲೋ ಬೇಳೆ ತರುತ್ತಿದ್ದರು, ಈಗ 11 ಕಿಲೋ ಅಕ್ಕಿ, 3 ಕಿಲೋ ಬೇಳೆ. ಹಳೇ ಚೀಲವನ್ನೇ ಹೊಸ ಬೆಲೆಯಲ್ಲಿ ಕೊಂಡರೆ 1,140 ರೂಪಾಯಿ, ಹಳೇ ಬೆಲೆಯಲ್ಲಿ 800 ಆಗಿತ್ತು. ಲ್ಯಾಸ್ಪಿಯರ್ಸ್ ಸೂಚ್ಯಂಕ 142.5. ಹೊಸ ಚೀಲಕ್ಕೆ ಹೊಸ ಬೆಲೆಯಲ್ಲಿ 1,030, ಹಳೇ ಬೆಲೆಯಲ್ಲಾದರೆ 740. ಪಾಶೆ ಸೂಚ್ಯಂಕ 139.2. ಎರಡರ ಗುಣಲಬ್ಧದ ವರ್ಗಮೂಲವೇ ಫಿಶರ್, ಸುಮಾರು 140.8.

ಇಲ್ಲಿಗೆ ನಿಲ್ಲಿಸಿದ್ದರೆ ಅದೂ ಒಂದು ಸೂತ್ರದ ಪಾಠ. ಅವರು ಕೇಳುವ ಪ್ರಶ್ನೆ, ಮೊದಲನೆಯದು ಯಾಕೆ ದೊಡ್ಡದು? ಬೇಳೆ ತುಟ್ಟಿಯಾದಾಗ ಮನೆಯಾಕೆ ಸಾರಿಗೆ ಬೇಳೆ ಕಡಿಮೆ ಹಾಕಿ, ಅಕ್ಕಿ ಒಂದಿಷ್ಟು ಹೆಚ್ಚು ತಂದಳು; ಹಳೇ ಚೀಲ ಹಿಡಿದ ಸೂಚ್ಯಂಕಕ್ಕೆ ಅದು ಕಾಣುವುದಿಲ್ಲ. ಭಾನುವಾರ ಉಕ್ತಲೇಖನದಲ್ಲಿ ಸತ್ತುಬಿದ್ದಿದ್ದ ಬದಲಿ ಪರಿಣಾಮ ಇಲ್ಲಿ ಎದ್ದು ಕೂರುತ್ತದೆ. ಅಲ್ಲಿಂದ ಗ್ರಾಹಕ ಬೆಲೆ ಸೂಚ್ಯಂಕಕ್ಕೆ ಬರುತ್ತಾರೆ. 2012ರ ಆಧಾರ ವರ್ಷದ ಸರಣಿಯಲ್ಲಿ ಆಹಾರ ಮತ್ತು ಪಾನೀಯಗಳ ತೂಕ, ಹಳ್ಳಿ ನಗರ ಎರಡೂ ಸೇರಿ, ನೂರಕ್ಕೆ 45.86 ಇತ್ತು. ಆ ತೂಕ ಬಂದದ್ದು 2011–12ರ ಕುಟುಂಬ ವೆಚ್ಚ ಸಮೀಕ್ಷೆಯಿಂದ. 2022–23ರ ಸಮೀಕ್ಷೆಯಲ್ಲಿ ಮನೆಖರ್ಚಿನಲ್ಲಿ ಆಹಾರದ ಪಾಲು, ಆ ಹಿಂದಿನ ಸಮೀಕ್ಷೆಗೆ ಹೋಲಿಸಿದರೆ, ಹಳ್ಳಿಗಳಲ್ಲಿ ಸುಮಾರು ಶೇ. 46, ನಗರಗಳಲ್ಲಿ ಸುಮಾರು ಶೇ. 39ಕ್ಕೆ ಇಳಿದಿತ್ತು. ಚೀಲ ಹಳತಾದರೆ ಟೊಮೆಟೊ ತುಟ್ಟಿಯಾದ ತಿಂಗಳು ಸೂಚ್ಯಂಕ ಬೇಕಾದ್ದಕ್ಕಿಂತ ಹೆಚ್ಚು ಜಿಗಿಯುತ್ತದೆ. ಮಿಂಟ್ ರೋಡಿನ ರಿಸರ್ವ್ ಬ್ಯಾಂಕು ಶೇ. 4ರ ಗುರಿ, ಆಚೀಚೆ ಎರಡರ ಸಡಿಲ ಇಟ್ಟುಕೊಂಡು ಬಡ್ಡಿದರ ನಿರ್ಧರಿಸುವುದು ಇದೇ ಗ್ರಾಹಕ ಬೆಲೆ ಸೂಚ್ಯಂಕವನ್ನು ನೋಡಿ ಎಂದಾಗ ಹಿಂದಿನ ಬೆಂಚೂ ಫೋನು ಕೆಳಗಿಡುತ್ತದೆ. ಇಡೀ ಕೋರ್ಸು ಈ ಎರಡು ಗಂಟೆಯ ಹಾಗಿದ್ದರೆ 8,400 ಕಡಿಮೆಯೇ.

ಸೇರುವವರು ಮೊದಲು ತಮ್ಮ ಕಾಲೇಜಿನ ವಿಷಯಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಳ್ಳಬೇಕು. ಈ ಕ್ಲಾಸಿನ ಯೋಜನೆ ಮುಂಬಯಿ ವಿಶ್ವವಿದ್ಯಾಲಯದ ಹಳೇ ಬಿ.ಕಾಂ. ಪತ್ರಿಕೆಯ ಅಚ್ಚಿನಲ್ಲಿದೆ. ಅದರಲ್ಲಿ ಷೇರು, ಮ್ಯೂಚುವಲ್ ಫಂಡು, ಸಂಯೋಜನೆ, ಬಡ್ಡಿ, ವರ್ಷಾಶನ (ಆನ್ಯುಯಿಟಿ) ಎಲ್ಲ ಗಣಿತದ ಭಾಗಗಳೂ ಸ್ಟ್ಯಾಟಿಸ್ಟಿಕ್ಸ್ ಜತೆಗೇ ಇದ್ದವು. ಹೊಸ ಶಿಕ್ಷಣ ನೀತಿ ಬಂದ ಮೇಲೆ ಹಂಚಿಕೆ ಬದಲಾಗಿದೆ, ಸ್ವಾಯತ್ತ ಕಾಲೇಜುಗಳದ್ದಂತೂ ಒಂದೊಂದು ದಾರಿ. ಬಿ.ಎ. ಓದುವವರಿಗೆ ವರ್ಷಾಶನದ ಎರಡು ಶನಿವಾರ ದಂಡ.

ಶನಿವಾರದ ಅರ್ಧಕ್ಕೆ ಮಾತ್ರ ಸೇರಲು 4,800. ಅದೇ ಲೇಸು. ಅರ್ಥಶಾಸ್ತ್ರಕ್ಕೆ ಕೇಂದ್ರ ಸರಕಾರದ ‘ಸ್ವಯಂ’ ಎಂಬ ಆನ್‌ಲೈನ್ ಪೋರ್ಟಲಿನ ಎನ್‌ಪಿಟಿಇಎಲ್ ಕೋರ್ಸು ಪುಕ್ಕಟೆ ಸಿಗುತ್ತದೆ, ಪರೀಕ್ಷೆ ಬರೆಯುವುದಾದರೆ ಮಾತ್ರ ಶುಲ್ಕ. ವಾರದ ಅಸೈನ್‌ಮೆಂಟಿಗೆ 25, ಪರೀಕ್ಷೆಗೆ 75 ಅಂಕ. ಪ್ರಮಾಣಪತ್ರಕ್ಕೆ ಮೊದಲನೆಯದರಲ್ಲಿ 10, ಎರಡನೆಯದರಲ್ಲಿ 30 ಬೇಕೇಬೇಕು. ಇಂಗ್ಲಿಷ್ ಉಪನ್ಯಾಸ ಕಷ್ಟ ಎನ್ನುವವರು ವೇಗವನ್ನು ಮುಕ್ಕಾಲಿಗೆ ಇಳಿಸಿ, ಒಂದೊಂದು ಚಿತ್ರಕ್ಕೂ ನಿಲ್ಲಿಸಿ ತಾವೇ ಅಂಕಿ ಹಾಕಿ ಬಿಡಿಸಿದರೆ ಉಕ್ತಲೇಖನಕ್ಕಿಂತ ಎಷ್ಟೋ ವಾಸಿ. ಅಂಕಿಅಂಶ ಬೇಕಾದವರಿಗೆ ರಿಸರ್ವ್ ಬ್ಯಾಂಕಿನ ಜಾಲತಾಣದ ದತ್ತಾಂಶ ಕೋಶವೂ ಪುಕ್ಕಟೆಯೇ.

ಎರಡಕ್ಕೂ ಸೇರಿಯೇ ತೀರುತ್ತೇನೆ ಎನ್ನುವವರು ಅವಕಾಶ ವೆಚ್ಚದ ಪಾಠವನ್ನು ಮೊದಲು ತಮ್ಮ ಮೇಲೇ ಪ್ರಯೋಗಿಸಲಿ. ಭಾನುವಾರ ಹೋಟೆಲಿನಲ್ಲಿ ದಿನಗೂಲಿಗೆ ನಿಲ್ಲುವ ಹುಡುಗನಿಗೆ ಆ ಅರ್ಧದ ಬೆಲೆ ಉಳಿದ 3,600 ಅಲ್ಲ. ಹದಿನಾಲ್ಕು ಭಾನುವಾರದ ಕೂಲಿಯೂ ಅದಕ್ಕೆ ಸೇರಬೇಕು.

ಇನ್ನು ಚಿಲ್ಲರೆ ಮಾತು. ಕೋಣೆಗೆ ಎರಡೇ ಫ್ಯಾನು, ಕಿಟಕಿಯ ಪಕ್ಕದ ಸಾಲಿನಲ್ಲಿ ಬಸ್ಸಿನ ಹಾರನ್ನಿಗೆ ಅರ್ಧ ವಾಕ್ಯ ಹೋಗುತ್ತದೆ, ಮೂರನೇ ಸಾಲಿನಿಂದ ಹಿಂದೆ ಬೋರ್ಡಿನ ಕೆಳಭಾಗ ಕಾಣುವುದಿಲ್ಲ. ಕಿರುಪರೀಕ್ಷೆಯ ಉತ್ತರಪತ್ರಿಕೆ ಶನಿವಾರದ್ದು ಮುಂದಿನ ವಾರವೇ ಕೆಂಪು ಶಾಯಿಯ ಟಿಪ್ಪಣಿಯೊಂದಿಗೆ ಬರುತ್ತದೆ, ಭಾನುವಾರದ್ದು ಬರೀ ಅಂಕ ಬರೆದು, ಅದೂ ಮೂರು ವಾರ ತಡವಾಗಿ. ಶುಲ್ಕ ಎರಡು ಕಂತಿನಲ್ಲಿ ಕಟ್ಟಬಹುದು, ಆದರೆ ಎರಡನೇ ವಾರ ದಾಟಿದ ಮೇಲೆ ಬಿಟ್ಟರೆ ಚಿಕ್ಕಾಸೂ ವಾಪಸ್ಸಿಲ್ಲ. ರಸೀದಿಯ ಹಿಂಬದಿ ಸಣ್ಣ ಅಕ್ಷರದಲ್ಲಿ ಇದೆ, ಓದಿಕೊಳ್ಳಿ. ಮೊದಲ ಎರಡು ಶನಿವಾರ ಡೆಮೊ ಎಂದು ಕೂರಲು ಬಿಡುತ್ತಾರೆ, ಕೇಳಿದರೆ ಮಾತ್ರ.

ಡೊಂಬಿವಲಿ, ಕಲ್ಯಾಣ ಕಡೆಯಿಂದ ಬರುವವರಿಗೆ ಮಾಟುಂಗದಲ್ಲಿ ಫಾಸ್ಟ್ ಲೋಕಲ್ ನಿಲ್ಲುವುದಿಲ್ಲ. ದಾದರಿನಲ್ಲಿ ಇಳಿದು ಸ್ಲೋ ಹಿಡಿದು ಒಂದು ಸ್ಟೇಷನ್ ಹಿಂದೆ ಬರಬೇಕು, ಇಲ್ಲವೇ ನಡೆಯಬೇಕು. ಹಾರ್ಬರ್ ಲೈನಿನವರಿಗೆ ಕಿಂಗ್ಸ್ ಸರ್ಕಲ್ ಹತ್ತಿರ. ಭಾನುವಾರದ ಕ್ಲಾಸು ಬಿಡುವುದು ಹನ್ನೆರಡೂವರೆಗೆ, ಮಾಟುಂಗ–ಮುಲುಂಡ್ ಮೆಗಾಬ್ಲಾಕ್ (ರಿಪೇರಿಗೆಂದು ಹಳಿ ಬಂದ್) ಇದ್ದ ದಿನ ಸರಿಯಾಗಿ ಅದರ ನಟ್ಟನಡುವೆ. ಅಂಥ ಭಾನುವಾರ ಹೊರಡುವ ಮುಂಚೆ ರೈಲ್ವೆಯ ಪ್ರಕಟಣೆ ನೋಡಿಕೊಂಡು, ಜೇಬಿನಲ್ಲಿ ಬಸ್ಸಿನ ಚಿಲ್ಲರೆ ಇಟ್ಟುಕೊಳ್ಳಿ.